ನೆರವಿಗೆ ಬಂದ ಸೇನೆ, ಬೆನ್ನಿಗೆ ಬಂದ ಲೆಕ್ಕ

೨೦೨೪ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ದೆಹಲಿಯ ರಕ್ಷಣಾ ಇಲಾಖೆಯ ಕಡೆಯಿಂದ ಕೇರಳ ರಾಜ್ಯದ ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಪತ್ರ ಬಂದಿತು. ೨೦೦೬ನೆಯ ಇಸವಿಯಿಂದ ಮೊದಲುಗೊಂಡು ವಯನಾಡಿನ ಭೂಕುಸಿತದವರೆಗೆ ಆ ರಾಜ್ಯಕ್ಕೆ ಒದಗಿದ ವಿಪತ್ತುಗಳಲ್ಲಿ ವಾಯುಪಡೆಯ ವಿಮಾನಗಳೂ ಹೆಲಿಕಾಪ್ಟರುಗಳೂ ಜನರನ್ನೂ ಸಾಮಗ್ರಿಯನ್ನೂ ಸಾಗಿಸಿದ ಬಾಬತ್ತು ೧೩೨ ಕೋಟಿ ೬೨ ಲಕ್ಷ ರೂಪಾಯಿ ಬಾಕಿಯಿದೆ, ಅದನ್ನು ಸಲ್ಲಿಸತಕ್ಕದ್ದು ಎಂಬುದು ಪತ್ರದ ಒಕ್ಕಣೆ.

ಪತ್ರದ ಸಂಗತಿ ಡಿಸೆಂಬರ್ ತಿಂಗಳಿನಲ್ಲಿ ಬಹಿರಂಗವಾದೊಡನೆ ಎರಡು ಬಗೆಯ ಮಾತುಗಳು ಕೇಳಿಬಂದವು. ಮನೆಮಠಗಳನ್ನು ಕಳೆದುಕೊಂಡವರ ಮುಂದೆ ಬಾಡಿಗೆಯ ಚೀಟಿ ಹಿಡಿಯುವುದು ನಿರ್ದಯವೆಂದು ಕೆಲವರು ಕನಲಿದರು. ಇದು ಎಲ್ಲ ರಾಜ್ಯಗಳಿಗೂ ಹೋಗುವ ಸಾಮಾನ್ಯ ಲೆಕ್ಕ, ಇದರಲ್ಲಿ ಕನಲುವುದಕ್ಕೆ ಏನಿದೆ ಎಂದು ಮತ್ತೆ ಕೆಲವರು ಸಮಾಧಾನ ಹೇಳಿದರು. ವಯನಾಡಿನ ಪುನರ್ವಸತಿಯ ವಿಷಯವನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿದ್ದ ಕೇರಳದ ಉಚ್ಚ ನ್ಯಾಯಾಲಯವು, ಇಷ್ಟು ಹಳೆಯ ಲೆಕ್ಕಗಳನ್ನು ಈಗ ಏಕಾಏಕಿ ಮೇಲೆತ್ತಿದ ಕಾರಣವೇನೆಂದು ಕೇಂದ್ರ ಸರ್ಕಾರವನ್ನು ಕೇಳಿತು. ಕೇಳಬೇಕಾದ ಪ್ರಶ್ನೆಯೇ ಅದು. ಏಕೆಂದರೆ ಪತ್ರದ ಮೊತ್ತದಲ್ಲಿ ವಯನಾಡಿನದು ಸಣ್ಣ ಪಾಲು, ದೊಡ್ಡ ಪಾಲೆಲ್ಲ ಹಿಂದಿನ ವರ್ಷಗಳದು.

ಈ ವಿಷಯ ನಮಗೆ ದೂರದ್ದಲ್ಲ. ಆ ವರ್ಷದ ಜುಲೈ ೩೦ರ ಬೆಳಗಿನ ಜಾವ ಮೇಪ್ಪಾಡಿಯ ಬಳಿ ಗುಡ್ಡ ಜರಿದು ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳು ಕೆಸರುಬಂಡೆಗಳ ಕೆಳಗೆ ಹುದುಗಿದಾಗ ಸತ್ತವರು ಇನ್ನೂರೈವತ್ತಕ್ಕೂ ಮೇಲೆ. ಅವರೊಳಗೆ ದುಡಿಮೆಗಾಗಿ ಹೋಗಿ ನೆಲಸಿದ್ದ ನಮ್ಮ ಚಾಮರಾಜನಗರ, ಮಂಡ್ಯ ಜಿಲ್ಲೆಗಳ ಕಡೆಯವರೂ ಇದ್ದರು. ಎರಡು ಗ್ರಾಮಗಳ ನಡುವಣ ಸೇತುವೆ ಕೊಚ್ಚಿಹೋಗಿ, ಆಚೆಯ ದಡದಲ್ಲಿ ಉಳಿದವರನ್ನು ತಲಪುವ ದಾರಿಯೇ ಇಲ್ಲದಂತಾಯಿತು. ಆಗ ಬಂದವರು ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಯುಳ್ಳ ಮದರಾಸು ಎಂಜಿನಿಯರ್ ಗ್ರೂಪಿನ ಯೋಧರು. ಕಬ್ಬಿಣದ ಸಾಮಗ್ರಿ ಕೆಲವು ದೆಹಲಿಯಿಂದ ವಿಮಾನದಲ್ಲಿ ಕಣ್ಣೂರಿಗೆ ಇಳಿಯಿತು. ಕೆಲವು ಬೆಂಗಳೂರಿನಿಂದ ಲಾರಿಗಳಲ್ಲಿ ಘಟ್ಟವನ್ನು ದಾಟಿತು. ರಾತ್ರಿ ಹಗಲೆನ್ನದೆ ದುಡಿದು, ಆಗಸ್ಟ್ ೧ರ ಸಂಜೆಯ ವೇಳೆಗೆ ೧೯೦ ಅಡಿ ಉದ್ದದ ಬೈಲಿ ಸೇತುವೆಯನ್ನು ಅವರು ನಿಲ್ಲಿಸಿದರು. ಅದರ ಮೇಲೆ ಮೊದಲು ಹಾದುಹೋದುದು ಸೇನೆಯ ವಾಹನಗಳು. ಆಮೇಲೆ ಮಣ್ಣು ಅಗೆಯುವ ಯಂತ್ರಗಳು, ಆಂಬುಲೆನ್ಸುಗಳು.

ಆ ಸೇತುವೆಯ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ ಯಾರಿಗೂ ಅದರ ಬೆಲೆಯನ್ನು ವಿಚಾರಿಸಬೇಕೆಂದು ತೋರಿರಲಾರದು. ಆದರೂ ಯಾರೋ ಒಬ್ಬರು ವಿಚಾರಿಸಲೇಬೇಕು. ಕಬ್ಬಿಣವೂ ಪೆಟ್ರೋಲೂ ಮಳೆಯೊಡನೆ ಆಕಾಶದಿಂದ ಬೀಳುವುದಿಲ್ಲ. ವಿಮಾನದ ಎಂಜಿನು ಇಷ್ಟು ಗಂಟೆ ಓಡಿತೆಂದರೆ ಅಷ್ಟು ಗಂಟೆ ಸವೆಯುತ್ತದೆ. ಲೆಕ್ಕಪತ್ರವೆಂದರೆ ಸಾಹಿತ್ಯಾಸಕ್ತರಾದ ನಮ್ಮಲ್ಲಿ ಅನೇಕರಿಗೆ ಒಂದು ಬಗೆಯ ಅಸಡ್ಡೆ. ಆದರೆ ಕಣ್ಣೀರನ್ನು ಒರೆಸುವ ಕೈಯೇ ಖರ್ಚನ್ನು ಬರೆದಿಡುವ ಕೈಯೂ ಆಗಿರಬೇಕಾದುದು ಸರ್ಕಾರಗಳ ಪಾಡು. ಆದ್ದರಿಂದ ಲೆಕ್ಕ ಇಡಬೇಕೆ ಎಂಬುದು ವಿವಾದವಲ್ಲ. ಲೆಕ್ಕವನ್ನು ಯಾರ ಹೆಸರಿಗೆ ಬರೆಯಬೇಕು, ಎಷ್ಟೆಂದು ಬರೆಯಬೇಕು, ಯಾವಾಗ ಕಳುಹಿಸಬೇಕು—ವಿವಾದವಿರುವುದು ಇಲ್ಲಿ.

ಮೊದಲು ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. ಗಲಭೆಯ ಗುಂಪನ್ನು ಪೊಲೀಸರಿಂದ ಚದುರಿಸಲಾಗದಿದ್ದರೆ ಮ್ಯಾಜಿಸ್ಟ್ರೇಟರು ಸೇನೆಯ ನೆರವನ್ನು ಕೇಳಬಹುದೆಂಬ ನಿಯಮ ಬ್ರಿಟಿಷರ ಕಾಲದಿಂದ ಬಂದದ್ದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ೧೩೦ನೆಯ ಪ್ರಕರಣದಲ್ಲಿದ್ದ ಅದು, ೨೦೨೪ರ ಜುಲೈಯಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ೧೪೯ನೆಯ ಪ್ರಕರಣವಾಗಿ ಮುಂದುವರಿದಿದೆ. ಮ್ಯಾಜಿಸ್ಟ್ರೇಟರು ಕೇಳಿದರೆ ಸೇನಾಧಿಕಾರಿ ಬರತಕ್ಕದ್ದು. ಆದಷ್ಟು ಕಡಿಮೆ ಬಲವನ್ನು ಉಪಯೋಗಿಸತಕ್ಕದ್ದು. ಎಷ್ಟು ಹಣವೆಂದು ಮ್ಯಾಜಿಸ್ಟ್ರೇಟರು ಕೇಳುವುದಿಲ್ಲ, ಅಧಿಕಾರಿ ಹೇಳುವುದೂ ಇಲ್ಲ. ಸಂವಿಧಾನದ ಕಡೆಗೆ ತಿರುಗಿದರೆ, ಸಾರ್ವಜನಿಕ ಸುವ್ಯವಸ್ಥೆ ರಾಜ್ಯಗಳ ಪಟ್ಟಿಯಲ್ಲಿದೆ. ನಾಗರಿಕ ಅಧಿಕಾರಕ್ಕೆ ನೆರವಾಗಿ ಕೇಂದ್ರದ ಪಡೆಗಳನ್ನು ರಾಜ್ಯದಲ್ಲಿ ನಿಯೋಜಿಸುವ ವಿಷಯವನ್ನು ೧೯೭೬ರ ೪೨ನೆಯ ತಿದ್ದುಪಡಿಯು ಕೇಂದ್ರದ ಪಟ್ಟಿಗೆ ಸೇರಿಸಿತು. ಪ್ರವಾಹ, ಭೂಕಂಪಗಳಾದರೋ ಯಾವ ಪಟ್ಟಿಯಲ್ಲಿಯೂ ಹೆಸರಿಸಲ್ಪಟ್ಟಿಲ್ಲ! ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯನ್ನು ಮಾಡುವಾಗ ಸಂಸತ್ತು, ಸಮವರ್ತಿ ಪಟ್ಟಿಯಲ್ಲಿರುವ ಸಾಮಾಜಿಕ ಭದ್ರತೆಯ ಬಾಬನ್ನು ಹಿಡಿದು ಹೊಸಿಲು ದಾಟಬೇಕಾಯಿತು. ನಾಡಿನಲ್ಲಿ ಪ್ರತಿ ವರ್ಷ ನೆರೆ ಬರುತ್ತದೆಂಬುದು ಸಂವಿಧಾನವನ್ನು ರಚಿಸಿದವರಿಗೆ ತಿಳಿಯದೆ ಇರಲಿಲ್ಲ. ಅಂಥ ಹೊತ್ತಿನಲ್ಲಿ ಹೊಣೆ ಯಾರದೆಂದು ಜಗಳವಾದೀತೆಂಬುದು ಅವರಿಗೆ ತೋಚಲಿಲ್ಲವೇನೊ.

ಹೀಗೆ ಹೊಣೆಯ ಎಲ್ಲೆ ಮಸುಕಾಗಿರುವುದರಿಂದಲೇ ಲೆಕ್ಕ ಕಹಿಯಾಗುತ್ತದೆ. ರಾಜ್ಯಗಳ ವಿಪತ್ತು ನಿಧಿಯ ನಿಯಮಾವಳಿಯಲ್ಲಿ ಈ ಖರ್ಚಿಗೆ ಒಂದು ಜಾಗವೇನೋ ಇದೆ. ಆಹಾರದ ಪೊಟ್ಟಣಗಳನ್ನು ವಿಮಾನದಿಂದ ಇಳಿಸಿದ ಮತ್ತು ಜನರನ್ನು ಪಾರುಮಾಡಿದ ಬಾಬತ್ತು ವಾಯುಪಡೆ ಕಳುಹಿಸಿದ ಬಿಲ್ಲಿನ ಮೊತ್ತದಷ್ಟನ್ನು ಆ ನಿಧಿಯಿಂದ ತೆಗೆದು ಕೊಡಬಹುದೆಂದು ಅದು ಹೇಳುತ್ತದೆ. ಅಂದಮೇಲೆ ಬಿಲ್ಲು ಕಳುಹಿಸಿದ್ದು ಕ್ರಮಕ್ಕೆ ವಿರುದ್ಧವೆಂದು ಹೇಳಲಾಗದು. ಆದರೆ ಈ ನಿಧಿಗೆ ಹಣ ಬರುವುದೆಲ್ಲಿಂದ? ೨೦೨೧ರಿಂದ ೨೦೨೬ರವರೆಗಿನ ಐದು ವರ್ಷಗಳಿಗೆ ೧೫ನೆಯ ಹಣಕಾಸು ಆಯೋಗವು ಹಾಕಿಕೊಟ್ಟ ಕ್ರಮದಂತೆ, ಕೇರಳ ಕರ್ನಾಟಕಗಳಂಥ ರಾಜ್ಯಗಳಲ್ಲಿ ನಿಧಿಯ ನೂರಕ್ಕೆ ಎಪ್ಪತ್ತೈದು ಪಾಲು ಕೇಂದ್ರದ್ದು, ಇಪ್ಪತ್ತೈದು ಪಾಲು ರಾಜ್ಯದ್ದು; ಈಶಾನ್ಯದ ಮತ್ತು ಹಿಮಾಲಯದ ರಾಜ್ಯಗಳಲ್ಲಿ ತೊಂಬತ್ತು, ಹತ್ತು. ಎಂದರೆ, ಹೆಲಿಕಾಪ್ಟರಿನ ಬಾಡಿಗೆಯೆಂದು ರಾಜ್ಯ ಈ ನಿಧಿಯಿಂದ ಒಂದು ಕೋಟಿ ರೂಪಾಯಿಯನ್ನು ತೆತ್ತರೆ, ಅದರಲ್ಲಿ ಎಪ್ಪತ್ತೈದು ಲಕ್ಷ ದೆಹಲಿಯಿಂದಲೇ ಬಂದ ಹಣ. ಅರ್ಥ ಇಲಾಖೆಯ ಬಾಗಿಲಿನಿಂದ ಹೊರಟು, ತಿರುವನಂತಪುರದಲ್ಲಿ ಮುದ್ರೆ ಹಾಕಿಸಿಕೊಂಡು, ರಕ್ಷಣಾ ಇಲಾಖೆಯ ಬಾಗಿಲಿನಿಂದ ಅದೇ ದೆಹಲಿಯನ್ನು ಅದು ಸೇರುತ್ತದೆ.

ಹಾಗಾದರೆ ಇದು ಬರಿಯ ಕಾಗದದ ಪ್ರದಕ್ಷಿಣೆ, ಯಾರಿಗೂ ನಷ್ಟವಿಲ್ಲ ಎನ್ನಬಹುದೆ? ನಷ್ಟವಿದೆ, ಮತ್ತು ಅದು ಬೀಳುವುದು ಎಲ್ಲರಿಗಿಂತ ಬಡವನಾದವನ ಮೇಲೆ. ವಿಪತ್ತು ನಿಧಿಗೆ ಅಳತೆಯಿದೆ. ಹೆಲಿಕಾಪ್ಟರಿಗೆ ಹೋದ ಹಣ ಮನೆಗೆ ಬಾರದು. ಅದೇ ನಿಯಮಾವಳಿಯಂತೆ ವಿಪತ್ತಿನಲ್ಲಿ ಸತ್ತವನ ಮನೆಯವರಿಗೆ ಸಲ್ಲುವುದು ೪ ಲಕ್ಷ ರೂಪಾಯಿ. ಗುಡ್ಡಗಾಡಿನಲ್ಲಿ ಪೂರ್ತಿ ನೆಲಸಮವಾದ ಮನೆಗೆ ೧ ಲಕ್ಷ ೩೦ ಸಾವಿರ. ಕೇರಳದಿಂದ ಕೇಳಿದ ೧೩೨ ಕೋಟಿ ೬೨ ಲಕ್ಷವನ್ನು ಈ ದರದಿಂದ ಭಾಗಿಸಿ ನೋಡಿದರೆ ಹತ್ತು ಸಾವಿರ ಮನೆಗಳಿಗೂ ಮೇಲಾಗುತ್ತದೆ. ಹಿಂದಿನ ನೆರೆಯಲ್ಲಿ ಒಬ್ಬನನ್ನು ಛಾವಣಿಯಿಂದ ಎತ್ತಿದ ಖರ್ಚನ್ನು ಮುಂದಿನ ನೆರೆಯಲ್ಲಿ ಮನೆ ಕಳೆದುಕೊಂಡವನ ಪಾಲಿನಿಂದ ಮುರಿದುಕೊಂಡಂತಾಯಿತು. ಇಬ್ಬರೂ ಒಂದೇ ನದಿಯ ದಡದವರಾದರೆ, ಒಂದೊಂದು ಸಲ ಅವರಿಬ್ಬರೂ ಒಬ್ಬನೇ ಆಗಿರಲೂಬಹುದು.

ಇನ್ನು ಎಷ್ಟು ಎಂಬ ಪ್ರಶ್ನೆ. ಇದು ಕೊಂಚ ಒಣ ವಿಷಯ. ಆದರೆ ನ್ಯಾಯಾನ್ಯಾಯಗಳೆಲ್ಲ ಇಲ್ಲಿಯೇ ಅಡಗಿರುವುದರಿಂದ ವಾಚಕರು ಸ್ವಲ್ಪ ಸೈರಿಸಬೇಕು. ಹೆಲಿಕಾಪ್ಟರ್ ಒಂದು ಗಂಟೆ ಹಾರಿದರೆ ಅದರ ಖರ್ಚನ್ನು ಎರಡು ವಿಧವಾಗಿ ಎಣಿಸಬಹುದು. ಮೊದಲನೆಯದು ಪೂರ್ಣ ವೆಚ್ಚ: ಯಂತ್ರದ ಬೆಲೆಯ ಒಂದಂಶ, ಚಾಲಕನ ಸಂಬಳ, ದುರಸ್ತಿಯವರ ಸಂಬಳ, ನೆಲೆಯ ನಿರ್ವಹಣೆ, ಇಂಧನ, ಎಲ್ಲವೂ ಸೇರಿದ್ದು. ಎರಡನೆಯದು ಹೆಚ್ಚುವರಿ ವೆಚ್ಚ: ನೆರೆ ಬಾರದೆ ಇದ್ದಿದ್ದರೆ ಆಗುತ್ತಲೇ ಇರಲಿಲ್ಲ ಎನ್ನಬಹುದಾದ ಖರ್ಚು ಮಾತ್ರ. ಚಾಲಕನಿಗೆ ನೆರೆಯಿರಲಿ ಇಲ್ಲದಿರಲಿ ಸಂಬಳ ಸಲ್ಲುತ್ತದೆ. ಕೈ ಜಡವಾಗದಂತೆ ಅವನು ತಿಂಗಳಿಗೆ ಇಷ್ಟು ಗಂಟೆ ಹಾರಲೂಬೇಕು. ಮಳೆಗಾಳಿಯ ನಡುವೆ ಕಣಿವೆಯೊಂದರಲ್ಲಿ ಮನೆಯ ಮಾಡಿನ ಮೇಲೆ ಹೆಲಿಕಾಪ್ಟರನ್ನು ಅಲುಗಾಡದಂತೆ ನಿಲ್ಲಿಸಿ ಮುದುಕಿಯೊಬ್ಬಳನ್ನು ಹಗ್ಗದಲ್ಲಿ ಮೇಲೆಳೆದುಕೊಳ್ಳುವುದಕ್ಕಿಂತ ಕಠಿಣವಾದ ಅಭ್ಯಾಸವನ್ನು ಯಾವ ತರಬೇತಿಯ ಶಾಲೆ ಏರ್ಪಡಿಸೀತು? ಈ ದೃಷ್ಟಿಯಿಂದ ನೋಡಿದರೆ ಪೂರ್ಣ ವೆಚ್ಚವನ್ನು ಕೇಳುವುದೆಂದರೆ, ಸಂಸತ್ತು ಒಮ್ಮೆ ಮಂಜೂರು ಮಾಡಿದ ಸಂಬಳವನ್ನೇ ಎರಡನೆಯ ಸಲ ಕೇಳಿದಂತೆ.

ವಾಯುಪಡೆಯ ಕಡೆಯ ವಾದವನ್ನೂ ಕೇಳಬೇಕು, ಅದು ಹುರುಳಿಲ್ಲದ್ದಲ್ಲ. ಎಂಜಿನಿಗೂ ರೆಕ್ಕೆಗೂ ಇಷ್ಟು ಗಂಟೆಗಳ ಆಯುಸ್ಸೆಂದು ಗೊತ್ತಿರುತ್ತದೆ. ಪ್ರವಾಹದಲ್ಲಿ ಕಳೆದ ಗಂಟೆ ಗಡಿಯ ಕೆಲಸಕ್ಕೆ ಒದಗದ ಗಂಟೆ. ಬಿಡಿಭಾಗಗಳು ಹೊರದೇಶದಿಂದ ಬರಬೇಕಾದಾಗ ಈ ಸವೆತ ಇನ್ನೂ ದುಬಾರಿ. ಸಂಸತ್ತು ದೇಶರಕ್ಷಣೆಗೆಂದು ಕೊಟ್ಟ ಹಣದಲ್ಲಿ ಇದನ್ನೆಲ್ಲ ನುಂಗಿಕೊಳ್ಳುತ್ತ ಹೋದರೆ, ಯುದ್ಧದ ದಿನ ಗೂಡಿನಲ್ಲಿ ಹಾರದ ಹಕ್ಕಿಗಳೇ ಉಳಿದಾವು. ಇದಕ್ಕೆ ಉತ್ತರ ಇಲ್ಲವೆಂದಲ್ಲ. ಸವೆದುದನ್ನು ತುಂಬಿಕೊಡಬೇಕಾದವರು ಯಾರು ಎಂದು ಕೇಳಿದರೆ, ಪ್ರವಾಹದಲ್ಲಿ ಮುಳುಗಿದ ರಾಜ್ಯವೇ ಆಗಬೇಕೆಂದೇನಿದೆ? ಕೇಂದ್ರದ ಆಯವ್ಯಯದಲ್ಲಿಯೇ ಅದಕ್ಕೊಂದು ಪ್ರತ್ಯೇಕ ಬಾಬನ್ನಿಟ್ಟು ರಕ್ಷಣಾ ಇಲಾಖೆಗೆ ತುಂಬಿಕೊಡಬಹುದಲ್ಲ!

ಬಿಲ್ಲಿನಲ್ಲಿ ಎಂದೂ ಬಾರದ ವೆಚ್ಚವೂ ಒಂದಿದೆ. ೨೦೧೩ರ ಜೂನ್ ತಿಂಗಳಿನಲ್ಲಿ ಉತ್ತರಾಖಂಡದ ಕೇದಾರ ಕಣಿವೆಯಲ್ಲಿ ಪ್ರಳಯವಾದಾಗ ವಾಯುಪಡೆ ಸಹಸ್ರಾರು ಯಾತ್ರಿಕರನ್ನು ಮೇಲೆತ್ತಿ ತಂದಿತು. ಆ ತಿಂಗಳ ೨೫ನೆಯ ತಾರೀಖು, ಕೇದಾರದಿಂದ ಹಿಂದಿರುಗುತ್ತಿದ್ದ ಹೆಲಿಕಾಪ್ಟರೊಂದು ಗೌರೀಕುಂಡದ ಬಳಿ ಬೆಟ್ಟದ ಮಗ್ಗುಲಿಗೆ ಬಿದ್ದು ಅದರಲ್ಲಿದ್ದ ಇಪ್ಪತ್ತು ಮಂದಿಯೂ ಸತ್ತರು. ವಾಯುಪಡೆಯವರು, ವಿಪತ್ತು ಪರಿಹಾರ ದಳದವರು, ಗಡಿ ಪೊಲೀಸ್ ದಳದವರು—ಎಲ್ಲರೂ ಅನ್ಯರನ್ನು ಪಾರುಮಾಡುವುದಕ್ಕೆ ಹೋದವರೇ. ಗಂಟೆಗೆ ಇಷ್ಟೆಂಬ ದರದಲ್ಲಿ ಅವರನ್ನು ಎಲ್ಲಿ ಸೇರಿಸುವುದು?

ನಮ್ಮ ಪೂರ್ವಿಕರು ಈ ವಿಷಯವನ್ನು ಆಲೋಚಿಸದೆ ಬಿಟ್ಟಿರಲಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, ೧೯೦೯ರಲ್ಲಿ ಅಚ್ಚಾಗಿ ಲೋಕವನ್ನು ಬೆರಗುಗೊಳಿಸಿದ ಕೌಟಲ್ಯನ ಅರ್ಥಶಾಸ್ತ್ರದಲ್ಲಿ, ದೈವಿಕವಾದ ವಿಪತ್ತುಗಳಿಗೆ ಪ್ರತೀಕಾರವನ್ನು ಹೇಳುವ ಭಾಗವೊಂದಿದೆ. ಮಳೆಗಾಲದಲ್ಲಿ ನದಿಯ ಬದಿಯ ಹಳ್ಳಿಗರು ದಡವನ್ನು ಬಿಟ್ಟು ದೂರ ವಾಸಿಸಬೇಕು, ಹಲಗೆ ಬಿದಿರು ದೋಣಿಗಳನ್ನು ಸಿದ್ಧವಾಗಿಟ್ಟುಕೊಂಡಿರಬೇಕು, ಕೊಚ್ಚಿಹೋಗುವವನನ್ನು ಸೋರೆಬುರುಡೆಯಿಂದಲೋ ತೆಪ್ಪದಿಂದಲೋ ಮರದ ದಿಮ್ಮಿಯಿಂದಲೋ ದಡಕ್ಕೆ ತರಬೇಕು ಎಂದು ವಿಧಿಸಿ, ದೋಣಿಯಿದ್ದೂ ನೆರವಿಗೆ ಹೋಗದವನಿಗೆ ಹನ್ನೆರಡು ಪಣ ದಂಡವನ್ನು ಅವನು ಹೇಳುತ್ತಾನೆ. ಉಪ್ಪಿನಿಂದ ಹಿಡಿದು ದೋಣಿಯ ಸುಂಕದವರೆಗೆ ಯಾವುದಕ್ಕೂ ದರವನ್ನು ಗೊತ್ತುಮಾಡದೆ ಬಿಡದ ಲೆಕ್ಕಾಚಾರದವನು ಕೌಟಲ್ಯ. ಅಂಥವನು ಇಲ್ಲಿ ಕೂಲಿಯನ್ನು ಗೊತ್ತುಮಾಡಲಿಲ್ಲ. ಹೋಗದಿದ್ದುದಕ್ಕೆ ದಂಡವನ್ನು ಗೊತ್ತುಮಾಡಿದ.

೨೦೧೮ರ ಆಗಸ್ಟ್ ತಿಂಗಳಿನ ಮಹಾಪ್ರವಾಹದಲ್ಲಿ ಕೇರಳದ ಮೀನುಗಾರರು ನಡೆದುಕೊಂಡ ರೀತಿಯನ್ನು ಇದರೊಡನೆ ನೆನೆಯಬಹುದು. ಸುಮಾರು ೬೭೦ ದೋಣಿಗಳನ್ನು ಲಾರಿಗಳ ಮೇಲೇರಿಸಿಕೊಂಡು ಸಮುದ್ರದ ಮಕ್ಕಳು ಒಳನಾಡಿಗೆ ಬಂದು, ೬೫,೦೦೦ದಷ್ಟು ಜನರನ್ನು ಮುಳುಗಿದ ಬೀದಿಗಳಿಂದ ಪಾರುಮಾಡಿದರೆಂದು ಸರ್ಕಾರದ ಅಂದಾಜು. ದೋಣಿಯೊಂದಕ್ಕೆ ದಿನಕ್ಕೆ ೩,೦೦೦ ರೂಪಾಯಿಯನ್ನೂ ಇಂಧನವನ್ನೂ ಕೊಡುವುದಾಗಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಸಾರಿದರು. ಜನರನ್ನು ಉಳಿಸಿದ್ದಕ್ಕೆ ಹಣ ತೆಗೆದುಕೊಳ್ಳಲಾರೆವೆಂದು ಅವರಲ್ಲಿ ಕೆಲವರು ಹೇಳಿದರು. ಒಡೆದುಹೋದ ದೋಣಿಗಳನ್ನು ಸರಿಪಡಿಸಿಕೊಟ್ಟರೆ ಸಾಕೆಂಬ ಮಾತೂ ಅದರೊಡನೆ ಬಂದಿತು. ಮೇಲೆ ಹೇಳಿದ ಪೂರ್ಣ ವೆಚ್ಚ, ಹೆಚ್ಚುವರಿ ವೆಚ್ಚಗಳ ಭೇದವನ್ನು ಆ ಮೀನುಗಾರರು ಯಾವ ಅರ್ಥಶಾಸ್ತ್ರಜ್ಞನನ್ನೂ ಕೇಳದೆ ಕಂಡುಕೊಂಡಿದ್ದರು.

ಬೇರೆ ದೇಶಗಳಲ್ಲಿ ಇದು ಹೇಗೆ ನಡೆಯುತ್ತದೆಂದು ನೋಡಿದರೆ, ಇಂಗ್ಲೆಂಡಿನ ಕ್ರಮ ಗಮನಿಸತಕ್ಕದ್ದಾಗಿದೆ. ಅಲ್ಲಿ ಸೇನೆಯ ನೆರವನ್ನು ಕೇಳುವ ಮೊದಲು ನಾಗರಿಕ ಅಧಿಕಾರಿಗಳು, ತಮ್ಮಲ್ಲಿ ಆ ಶಕ್ತಿ ಇಲ್ಲವೆಂಬುದನ್ನೂ ನೆರೆಯ ಆಡಳಿತಗಳಿಂದಾಗಲಿ ಖಾಸಗಿ ಗುತ್ತಿಗೆದಾರರಿಂದಾಗಲಿ ಸಕಾಲಕ್ಕೆ ಅದು ದೊರೆಯದೆಂಬುದನ್ನೂ ತೋರಿಸಬೇಕು. ಆಮೇಲೆ ವೆಚ್ಚದ ವಿಷಯ. ಸಾಮಾನ್ಯವಾಗಿ ಪೂರ್ಣ ವೆಚ್ಚ ಕೊಡತಕ್ಕದ್ದು. ಕೆಲವು ಸಂದರ್ಭಗಳಲ್ಲಿ ಹೆಚ್ಚುವರಿ ವೆಚ್ಚ ಮಾತ್ರ. ಪ್ರಾಣಕ್ಕೆ ಅಪಾಯವಿರುವ ಹೊತ್ತಿನಲ್ಲಿ ಏನೂ ಇಲ್ಲ. ಕೇಳುವಾತ ಯಾರೆಂಬುದಲ್ಲ, ಕೆಲಸ ಎಂಥದೆಂಬುದು ಅಲ್ಲಿನ ಅಳತೆಗೋಲು. ೨೦೧೨ರ ಲಂಡನ್ ಒಲಿಂಪಿಕ್ ಕ್ರೀಡೆಗಳಿಗೆ ಕಾವಲುಗಾರರನ್ನು ಒದಗಿಸುವುದಾಗಿ ಒಪ್ಪಿಕೊಂಡಿದ್ದ ಖಾಸಗಿ ಸಂಸ್ಥೆ, ಕ್ರೀಡೆಗಳು ಇನ್ನೇನು ಆರಂಭವಾಗಬೇಕೆಂಬಾಗ ಕೈಚೆಲ್ಲಿತು; ೩,೫೦೦ ಸೈನಿಕರನ್ನು ಅವಸರದಲ್ಲಿ ಕರೆಸಬೇಕಾಯಿತು. ಅದರ ಖರ್ಚನ್ನು ಆ ಸಂಸ್ಥೆಯೇ ಹೊತ್ತುದು ಸರಿಯಾದ ನ್ಯಾಯ. ೨೦೧೪ರ ಫೆಬ್ರುವರಿಯ ಪ್ರವಾಹದ ಕಾಲದಲ್ಲಿ ಪ್ರಧಾನಿ ಕ್ಯಾಮರನ್ ಪರಿಹಾರಕಾರ್ಯಕ್ಕೆ ಹಣ ಅಡ್ಡಿಯಾಗದೆಂದು ಬಹಿರಂಗವಾಗಿ ಸಾರಿದರು. ನಿಯಮ ಅಷ್ಟು ಸ್ಪಷ್ಟವಾಗಿರುವ ದೇಶದಲ್ಲಿಯೂ ಪ್ರಧಾನಿಯ ಬಾಯಿಂದ ಆ ಮಾತು ಬರಬೇಕಾಯಿತು ಎಂಬುದು ಯೋಚಿಸತಕ್ಕ ಸಂಗತಿ.

ಅಮೆರಿಕೆಯ ರೀತಿ ಬೇರೆ. ಅಲ್ಲಿಯ ೧೯೮೮ರ ಕಾಯಿದೆಯಂತೆ ಅಧ್ಯಕ್ಷರು ವಿಪತ್ತನ್ನು ಘೋಷಿಸಿದರೆ, ಸೇನೆಯ ಖರ್ಚನ್ನು ಕೇಂದ್ರದ ವಿಪತ್ತು ಇಲಾಖೆ ತುಂಬಿಕೊಡುತ್ತದೆ. ರಾಜ್ಯವೂ ಒಂದು ಪಾಲು ಹೊರುವುದುಂಟು. ರಾಷ್ಟ್ರೀಯ ರಕ್ಷಕ ದಳವೆಂಬ ಪಡೆಯದಂತೂ ವಿಚಿತ್ರ ಸ್ಥಿತಿ. ಗವರ್ನರ್ ತನ್ನ ರಾಜ್ಯದ ಕೆಲಸಕ್ಕೆ ಕರೆದರೆ ರಾಜ್ಯದ ಬೊಕ್ಕಸದಿಂದ ಸಂಬಳ. ಅಧ್ಯಕ್ಷರು ಕರೆದರೆ ಕೇಂದ್ರದ್ದು. ಇವೆರಡರ ನಡುವೆ, ಗವರ್ನರ್ ಆಜ್ಞೆಯಲ್ಲಿದ್ದೂ ಕೇಂದ್ರದ ಸಂಬಳವನ್ನು ಪಡೆಯುವ ಮೂರನೆಯ ಅವಸ್ಥೆಯೊಂದು. ೨೦೨೫ರ ಜೂನ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಬೇಡವೆಂದರೂ ಅಧ್ಯಕ್ಷ ಟ್ರಂಪ್ ಅವರು ಲಾಸ್ ಏಂಜಲಿಸ್ ನಗರಕ್ಕೆ ಸುಮಾರು ೪,೦೦೦ ರಕ್ಷಕ ದಳದವರನ್ನೂ ೭೦೦ ನೌಕಾಸೈನಿಕರನ್ನೂ ಕಳುಹಿಸಿದಾಗ, ಅರುವತ್ತು ದಿನಗಳಿಗೆ ೧೩ ಕೋಟಿ ೪೦ ಲಕ್ಷ ಡಾಲರ್ ಆದೀತೆಂದು ಸೇನಾ ಇಲಾಖೆ ಅಂದಾಜು ಕೊಟ್ಟಿತು. ಗವರ್ನರ್ ನ್ಯಾಯಾಲಯಕ್ಕೆ ಹೋದರು. ಕೇಳದೆ ಬಂದ ನೆರವಿನ ಖರ್ಚು ಕಳುಹಿಸಿದವರದೇ ಆಗಬೇಕೆಂಬುದರಲ್ಲಿ ಅಲ್ಲಿ ಯಾರಿಗೂ ಸಂದೇಹವಿದ್ದಂತೆ ತೋರಲಿಲ್ಲ. ಕೇಳಿ ಪಡೆದುದು, ಕೇಳದೆ ಬಂದುದು ಎಂಬ ಈ ಭೇದ ನಮ್ಮಲ್ಲಿಯೂ ಉಪಯೋಗಕ್ಕೆ ಬಂದೀತು. ಗಲಭೆಯ ಕಾಲದಲ್ಲಿ ರಾಜ್ಯಗಳಿಗೆ ಹೋಗುವ ಕೇಂದ್ರದ ಮೀಸಲು ಪೊಲೀಸ್ ಪಡೆಗಳ ಬಾಬತ್ತು ರಾಜ್ಯಗಳ ಮೇಲೆ ಬಿಲ್ಲು ಬರುವುದೂ, ಬಾಕಿ ಬೆಳೆಯುವುದೂ, ಅದರ ಮೇಲೆ ಪತ್ರವ್ಯವಹಾರ ಬೆಳೆಯುವುದೂ ಬಹು ಕಾಲದಿಂದ ನಡೆದುಬಂದಿದೆ. ಆ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ.

ಇಷ್ಟು ಓದಿದವರು, ಹಾಗಾದರೆ ಸೇನೆಯ ನೆರವೆಲ್ಲವೂ ಉಚಿತವಾಗಿರಬೇಕೆಂದು ನಾವು ಹೇಳುತ್ತಿದ್ದೇವೆಂದು ತಿಳಿಯಬಾರದು. ಉಚಿತವಾಗಿ ದೊರೆಯುವುದನ್ನು ಜನ ಹೇಗೆ ಬಳಸುತ್ತಾರೆಂಬುದು ಗೊತ್ತಿರುವುದಷ್ಟೆ, ಸರ್ಕಾರಗಳೂ ಹಾಗೆಯೇ. ೨೦೧೦ರ ಸೆಪ್ಟೆಂಬರ್ ತಿಂಗಳಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಗಳಿಗೆ ಇನ್ನು ಎರಡು ವಾರವೂ ಇಲ್ಲವೆನ್ನುವಾಗ, ಮುಖ್ಯ ಕ್ರೀಡಾಂಗಣದ ಬಳಿ ಕಟ್ಟುತ್ತಿದ್ದ ಕಾಲುಸೇತುವೆ ಕುಸಿದು ಕೆಲಸಗಾರರು ಗಾಯಗೊಂಡರು. ಮತ್ತೆ ಅದೇ ಮದರಾಸು ಎಂಜಿನಿಯರ್ ಗ್ರೂಪಿನವರು ಹೋಗಿ, ಕೆಲವೇ ದಿನಗಳಲ್ಲಿ ಬೇರೆ ಸೇತುವೆಯನ್ನು ನಿಲ್ಲಿಸಿ ದೇಶದ ಮಾನವನ್ನು ಕಾಪಾಡಿದರು. ೨೦೧೭ರ ಸೆಪ್ಟೆಂಬರ್ ೨೯ರಂದು ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ರೈಲು ನಿಲ್ದಾಣದ ಕಾಲುಸೇತುವೆಯ ನೂಕುನುಗ್ಗಲಿನಲ್ಲಿ ೨೩ ಜನ ಸತ್ತರು; ಅಲ್ಲಿಯೂ ಹೊಸ ಸೇತುವೆಗೆ ಸೇನೆಯನ್ನೇ ಕರೆದರು, ೨೦೧೮ರ ಫೆಬ್ರುವರಿಯಲ್ಲಿ ಅದು ಮುಗಿಯಿತು. ಮೊದಲು ಸೇನೆಯಲ್ಲಿಯೇ ಅಧಿಕಾರಿಯಾಗಿದ್ದು ಆಗ ಪಂಜಾಬಿನ ಮುಖ್ಯಮಂತ್ರಿಯಾಗಿದ್ದ ಅಮರಿಂದರ್ ಸಿಂಗ್ ಅವರು, ಸೇನೆಯ ಕೆಲಸ ಯುದ್ಧಕ್ಕೆ ಸಿದ್ಧವಾಗುವುದು, ಇಂಥ ಕಾಮಗಾರಿಗಳಲ್ಲವೆಂದು ಆಕ್ಷೇಪಿಸಿದರು. ಅವರ ಮಾತು ಸರಿ. ಒಂದೂವರೆ ಶತಮಾನಕ್ಕೂ ಮೇಲಾಗಿ ನದಿಗಳಿಗೂ ಕಮರಿಗಳಿಗೂ ಸೇತುವೆ ಕಟ್ಟುತ್ತಿರುವ ರೈಲ್ವೆಯವರಿಗೆ, ನಗರದ ನಿಲ್ದಾಣವೊಂದರಲ್ಲಿ ಕಾಲುದಾರಿಯನ್ನು ಕಟ್ಟಿಕೊಳ್ಳುವ ಶಕ್ತಿ ಇರಲಿಲ್ಲವೆ? ಇದ್ದಿತು. ಕಟ್ಟಬೇಕಾದ ಕಾಲದಲ್ಲಿ ಕಟ್ಟಲಿಲ್ಲ ಎಂಬುದೇ ಇಲ್ಲಿಯ ಕೊರತೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬಂತೆ ಸೇನೆಯ ದುಡಿಮೆ ಬಿ��್ಟಿಯಾಗಿ ಸಿಗುವಂತಿದ್ದರೆ, ಕಟ್ಟಬೇಕಾದವರು ಎಂದಿಗೂ ಕಟ್ಟುವುದಿಲ್ಲ. ಇಂಥ ಕೆಲಸಕ್ಕೆ ಪೂರ್ಣ ವೆಚ್ಚವನ್ನು, ಒಂದು ಕಾಸನ್ನೂ ಬಿಡದೆ, ವಸೂಲು ಮಾಡತಕ್ಕದ್ದು. ಅಷ್ಟೇ ಅಲ್ಲ, ತಪ್ಪಿದವರ ಲೆಕ್ಕದಲ್ಲಿಯೇ ಅದನ್ನು ಕಾಣಿಸತಕ್ಕದ್ದು.

ನಮ್ಮ ರಾಜ್ಯದ ಎರಡು ಪ್ರಸಂಗಗಳನ್ನು ಈ ಅಳತೆಗೋಲಿನಿಂದ ಅಳೆದು ನೋಡಬಹುದು. ಎರಡೂ ೨೦೧೯ರವು. ಫೆಬ್ರುವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದು ದಿನಗಟ್ಟಲೆ ಉರಿದಾಗ, ತಮಿಳುನಾಡಿನ ಸೂಲೂರು ನೆಲೆಯ ಹೆಲಿಕಾಪ್ಟರುಗಳು ಬಂದು ದೊಡ್ಡ ಚೀಲಗಳಲ್ಲಿ ನೀರನ್ನು ತುಂಬಿ ತಂದು ಸುರಿದವು. ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟು ಹಂಪೆಯ ಎದುರು ದಡದ ವಿರೂಪಾಪುರ ಗಡ್ಡೆ ದ್ವೀಪದಂತಾದಾಗ, ಅಲ್ಲಿ ಸಿಕ್ಕಿಕೊಂಡ ಪ್ರವಾಸಿಗಳನ್ನು ಹೆಲಿಕಾಪ್ಟರಿನಲ್ಲಿಯೂ ದೋಣಿಗಳಲ್ಲಿಯೂ ಈಚೆಗೆ ತಂದರು. ಎರಡನೆಯದು ಪ್ರಾಣದ ಪ್ರಶ್ನೆ. ಅದರಲ್ಲಿ ಕೇಳುವುದಕ್ಕೆ ಏನೂ ಇಲ್ಲ, ಉಚಿತವೇ ಸರಿ. ಮೊದಲನೆಯದರಲ್ಲಿ ಕೊಂಚ ತಡೆದು ಯೋಚಿಸಬೇಕಾಗುತ್ತದೆ. ಕಾಡಿನ ಬೆಂಕಿ ಬೇಸಗೆಯಲ್ಲಿ ಬರುವುದು ಹೊಸ ಸಂಗತಿಯಲ್ಲ. ಬೆಂಕಿಗೆರೆಯನ್ನು ಕಾಲಕ್ಕೆ ಸರಿಯಾಗಿ ಕಡಿಸುವುದು, ಕಾವಲುಗಾರರನ್ನು ನೇಮಿಸುವುದು ರಾಜ್ಯದ ನಿತ್ಯದ ಕೆಲಸ. ಆ ಕೆಲಸ ಎಷ್ಟರಮಟ್ಟಿಗೆ ನಡೆದಿತ್ತೆಂಬುದನ್ನು ನೋಡಿ ಹೆಚ್ಚುವರಿ ವೆಚ್ಚವನ್ನು ಕೇಳಿದರೆ ಅನ್ಯಾಯವೆನ್ನಲಾರೆವು. ಕನ್ನಡಿಗರಾದ ನಮಗೆ ಇದು ರುಚಿಸದಿರಬಹುದು. ಆದರೆ ಕೇರಳಕ್ಕೊಂದು ನ್ಯಾಯ ನಮಗೊಂದು ನ್ಯಾಯವಾಗಬಾರದಷ್ಟೆ.

ಪ್ರಾಣಾಪಾಯದ ಹೊತ್ತು ಎಲ್ಲಿಗೆ ಮುಗಿಯಿತೆಂದು ಹೇಳುವವರು ಯಾರು ಎಂಬ ತೊಡಕು ಉಳಿಯುತ್ತದೆ. ನೀರು ಇಳಿದ ಮೇಲೂ ಔಷಧ ತಲಪದೆ ಜನ ಸಾಯಬಹುದು. ಹೆಣಗಳನ್ನು ಹುಡುಕುವುದು ಪ್ರಾಣರಕ್ಷಣೆಯೆ ಅಲ್ಲವೆ ಎಂದು ಲೆಕ್ಕದ ಗುಮಾಸ್ತರು ಕೇಳಬಹುದು. ವಯನಾಡಿನಲ್ಲಿ ಚಾಲಿಯಾರ್ ಹೊಳೆಯ ಕೆಳಹರಿವಿನಲ್ಲಿ ದೇಹಗಳನ್ನು ಹುಡುಕಿದ ದಿನಗಳನ್ನು ನೆನೆದರೆ ಅಂಥ ಪ್ರಶ್ನೆಗೆ ಉತ್ತರ ಕೊಡುವುದಕ್ಕೂ ಮನಸ್ಸು ಬಾರದು. ಇಂತಿಷ್ಟು ದಿನಗಳವರೆಗಿನದನ್ನು ಪ್ರಶ್ನೆಯಿಲ್ಲದೆ ಪ್ರಾಣರಕ್ಷಣೆಯೆಂದೇ ಎಣಿಸತಕ್ಕದ್ದೆಂದು ಮೊದಲೇ ಗೊತ್ತುಮಾಡಿಬಿಡುವುದು ಲೇಸು. ಗಡುವು ಒರಟಾದ ಅಳತೆಯೇ ಸರಿ. ಆದರೆ ಕೇದಾರದಂಥ ಕಣಿವೆಯಲ್ಲಿ ಒಂದೊಂದು ಹಾರಾಟಕ್ಕೂ ಒಂದೊಂದು ವಾದ ಹೂಡುವುದಕ್ಕಿಂತ ಒರಟು ಅಳತೆಯೇ ಮೇಲು.

ಇದಕ್ಕಿಂತ ಮುಖ್ಯವಾದುದು, ಬಿಲ್ಲು ಬರುವ ಕಾಲ. ೨೦೦೬ರ ಹಾರಾಟದ ಲೆಕ್ಕ ೨೦೨೪ರಲ್ಲಿಯೂ ಇತ್ಯರ್ಥವಾಗದೆ ಬಾಕಿಯ ಪಟ್ಟಿಯಲ್ಲಿರುವುದೆಂದರೇನು? ಅಂದು ಜಿಲ್ಲಾಧಿಕಾರಿಗಳಾಗಿದ್ದವರಲ್ಲಿ ಎಷ್ಟೋ ಮಂದಿ ನಿವೃತ್ತರಾಗಿರುತ್ತಾರೆ. ಎಷ್ಟು ಗಂಟೆ ಹಾರಿತು, ಯಾರನ್ನು ಎತ್ತಿತು, ಅದರಲ್ಲಿ ಮಂತ್ರಿಗಳು ನೆರೆಯನ್ನು ಮೇಲಿನಿಂದ ನೋಡಿಹೋದದ್ದೆಷ್ಟು ಎಂಬುದನ್ನು ಪರೀಕ್ಷಿಸಬಲ್ಲವರು ಉಳಿದಿರುವುದಿಲ್ಲ. ಹಳೆಯ ಬಾಕಿಯನ್ನು ಕೊಡುವವರು ಕೊಡದಿದ್ದರೆ ಕೇಳುವವರು ಅಂದೇ ಕೇಳಬೇಕಾಗಿತ್ತು, ಇಲ್ಲವೆ ಅಂದೇ ಬಿಟ್ಟುಬಿಡಬೇಕಾಗಿತ್ತು. ವರ್ಷಗಟ್ಟಲೆ ಕಡತದಲ್ಲಿ ಮಲಗಿದ್ದು, ಹೊಸ ಹೆಣಗಳು ಬಿದ್ದ ಮೇಲೆ ಮೈಮುರಿದು ಏಳುವ ಲೆಕ್ಕ ಲೆಕ್ಕವಾಗಿ ಉಳಿಯುವುದಿಲ್ಲ, ರಾಜಕೀಯವಾಗುತ್ತದೆ. ದೆಹಲಿಯಲ್ಲಿ ಒಂದು ಪಕ್ಷ, ತಿರುವನಂತಪುರದಲ್ಲಿ ಮತ್ತೊಂದು ಪಕ್ಷ ಇರುವಾಗ, ಸಾಧಾರಣವಾದ ನೆನಪೋಲೆಯೂ ಬೆದರಿಕೆಯಂತೆ ಕೇಳಿಸುತ್ತದೆ.

ಈ ಎಲ್ಲ ವಾದದ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಅವನನ್ನು ಮರೆಯಬಾರದು. ನಡುರಾತ್ರಿಯಲ್ಲಿ ತಹಸೀಲ್ದಾರರಿಂದ ಬಂದ ದೂರವಾಣಿಯ ಕರೆಯನ್ನು ಕೇಳಿ, ಹೆಲಿಕಾಪ್ಟರನ್ನು ಈಗಲೇ ಕೇಳಬೇಕೆ, ಬೆಳಗಿನವರೆಗೆ ತಡೆಯಬಹುದೆ ಎಂದು ತೂಗುತ್ತಿರುವ ಜಿಲ್ಲಾಧಿಕಾರಿ. ಹೊಳೆಯ ಮಟ್ಟ ಅವನಿಗೆ ಗೊತ್ತಿದೆ. ಮಳೆ ನಿಲ್ಲುವುದೋ ಇಲ್ಲವೋ ಗೊತ್ತಿಲ್ಲ. ಕರೆಸಿ ನೀರು ಇಳಿದುಹೋದರೆ ದುಂದುವೆಚ್ಚವೆಂಬ ಆಕ್ಷೇಪಣೆ ಲೆಕ್ಕಪರಿಶೋಧಕರಿಂದ ಬರುತ್ತದೆಂಬುದು ಅವನ ಅನುಭವ. ಕರೆಸದೆ ನೀರು ಏರಿದರೆ ಬರುವುದೇನೆಂಬುದನ್ನು ಹೇಳಬೇಕಾಗಿಲ್ಲ. ಆ ಅರ್ಧ ಗಂಟೆಯ ತೂಗುವಿಕೆಯಲ್ಲಿ ಹಣದ ಬಟ್ಟು ಒಂದು ಗುಲಗಂಜಿಯಷ್ಟೂ ಇರಬಾರದು. ಪ್ರಾಣಾಪಾಯವಿದ್ದಾಗ ಕರೆದುದಕ್ಕೆ ಬಿಲ್ಲಿಲ್ಲ ಎಂಬ ಒಂದು ವಾಕ್ಯವನ್ನು ವಿಪತ್ತು ನಿಧಿಯ ನಿಯಮಾವಳಿಯಲ್ಲಿ ಸೇರಿಸಿ, ವಾಯುಪಡೆಗೆ ಸವೆತದ ಹಣ ಸಲ್ಲುವ ಬಾಬನ್ನು ಕೇಂದ್ರದ ಆಯವ್ಯಯದಲ್ಲಿ ತೆರೆದು, ಉಳಿದ ಕೆಲಸಗಳ ಬಿಲ್ಲನ್ನು ಅದೇ ವರ್ಷದೊಳಗೆ ಕಳುಹಿಸತಕ್ಕದ್ದೆಂದು ಗೊತ್ತುಮಾಡಿದರೆ, ಅವನು ಕೂಡಲೇ ಕರೆ ಮಾಡುತ್ತಾನೆ.

ಕೇಂದ್ರದ ಆಯವ್ಯಯ ಫೆಬ್ರುವರಿ ಒಂದರಂದು ಮಂಡಿತವಾಗುತ್ತದೆ. ಮುಂಗಾರು ಕೇರಳದ ಕರಾವಳಿಯನ್ನು ಮುಟ್ಟುವುದು ಜೂನ್ ಒಂದರ ಸುಮಾರಿಗೆ. ನಡುವೆ ನಾಲ್ಕು ತಿಂಗಳಿವೆ.